ಸಹಾಯವಾಣಿಗೆ ಅತ್ತೆಯ ಮಿಸ್ ಕಾಲ್

ಗೆಳೆಯರೇ, ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಇವತ್ತು ಬೆಳಿಗ್ಗೆ ಬಳ್ಳಾರಿಯಿಂದ ಕುರುಗೋಡಿನ ಸೋದರತ್ತೆಗೆ ಫೋನ್ ಮಾಡಿದರೆ, "ನಿಮ್ಮ ಮಾಮಗ ಶುಗರ್ ಇಳದೈತಿ, ಕೈ ನಡುಗಾಕತ್ಯಾವು. ಆರೋಗ್ಯ ಸಹಾಯವಾಣಿಗೆ ನಾಕ್ ಸಲ ಹಚ್ಚೀನಿ" ಅಂದಳು.

"ಏನಂದ್ರು?"

"ಮಿಸ್ ಕಾಲ್ ಕೊಟ್ಟೀನಿ. ಅವ್ರ ಮಾಡ್ತಾರ."

ಹಾಲಿನವನಿಗಾಗಲಿ, ಆಶಾ ಕಾರ್ಯಕರ್ತೆಗಾಗಲಿ, ಅತ್ತೆ ಒಂದೇ ರಿಂಗಿಗೆ ಕಟ್ ಮಾಡಿ ಕಾಯುವವಳು. ನಾನು ಕೂಗಾಡಿದೆ: "ಅತ್ತಿ, ಅದು ಫ್ರೀ ನಂಬರ್! ಅಲ್ಲಿಂದ ಯಾರೂ ತಿರುಗಿ ಮಾಡಂಗಿಲ್ಲ! ಮದ್ಲು ಮಾಮಗ ಸಕ್ಕರಿ ನೀರು ಕುಡಸು!"

"ತಡಿ, ಯಾರ್ದೋ ಫೋನ್ ಬರಾಕತ್ತೈತಿ" ಎಂದು ಇಟ್ಟೇಬಿಟ್ಟಳು. ಆಮೇಲೆ ಹದಿನೈದು ನಿಮಿಷ ಅವಳ ಫೋನ್ ಎಂಗೇಜ್. ಬೈಕ್ ಕೀಲಿ ಹುಡುಕುತ್ತಾ ನಾನು ಬೆವರಿದ್ದು ಮಾಮನಿಗಿಂತ ಹೆಚ್ಚೇ ಇರಬೇಕು.

ಕೊನೆಗೊಮ್ಮೆ ಸಿಕ್ಕಳು. "ಸಹಾಯವಾಣಿ ಹುಡುಗೀನ ತಿರುಗಿ ಮಾಡಿದ್ಲು. ಮಾಮ ಸಕ್ಕರಿ ನೀರು ಕುಡ್ದು ಸುಧಾರಿಸೋ ಮಟ ಲೈನ್ ಬಿಡ್ಲಿಲ್ಲ. ಈಗ ಅರಾಮ ಅದಾರ."

ನಾನು ಉಸಿರು ಬಿಡುವಷ್ಟರಲ್ಲಿ ಸೇರಿಸಿದಳು: "ಮದ್ಲು ಮಿಸ್ ಕಾಲ್ ನಿನಗ ಕೊಟ್ಟಿದ್ನಲೇ. ನೋಡ್ಲಿಲ್ಲೇನು?"

ನೋಡಿದ್ದೆ. ಚಹಾ ಕುಡಿದು ಮಾಡಿದರಾಯಿತು ಅಂದುಕೊಂಡಿದ್ದೆ.