ಹಿತ್ತಿಲ ಕಟ್ಟೆಯ ಲವಂಗ

ನರ್ಸಮ್ಮನ ಬೆರಳುಗಳಿಗೆ ಸದಾ ಲವಂಗದ ವಾಸನೆ. ಭದ್ರಾವತಿಯ ಅಕ್ಕನ ಮನೆಗೆ ಕಾಲಿಟ್ಟಾಗ ಆ ವಾಸನೆ ಬಂತೆಂದರೆ ನನ್ನ ಮುಖ ಗಂಟಾಗುತ್ತಿತ್ತು. ಸರಿ, ಬಂದು ಹೋಗಿದ್ದಾರೆ. ಅಕ್ಕ ನನಗೆ ಹೇಳಬೇಕಾದ್ದನ್ನೆಲ್ಲ ಅವರಿಗೆ ಹೇಳಿ ಮುಗಿಸಿದ್ದಾಳೆ.

ಅಕ್ಕನ ಮೊದಲ ಬಸುರು ಉಳಿದಿರಲಿಲ್ಲ. ಈ ಸಲ ಹೊಟ್ಟೆಯಲ್ಲಿ ಮಗು ಬೆಳೆಯಬೇಕಾದಷ್ಟು ಬೆಳೆದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಊಟವಾದ ಮೇಲೆ ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಬಿಡಳು. ನಾನಿದ್ದ ಗೋಪಾಳದಿಂದ ಭಾನುವಾರಗಳಂದು ಬಸ್ಸು ಹತ್ತಿ ಹೋಗಿ ನಾನು ವಾದಿಸುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದವಳು ನಾನು. ಅಕ್ಕನ ಬಾಯಿ ಅಗಿಯುತ್ತಲೇ ಇತ್ತು.

"ಅದು ಮಗೂಗೂ ಹೋಗುತ್ತೆ ಕಣೇ!"

"ಗೊತ್ತು ಬಿಡೇ."

ನರ್ಸಮ್ಮ ಆರೋಗ್ಯ ಕೇಂದ್ರದಿಂದ ಮನೆಭೇಟಿಗೆ ಬರುತ್ತಿದ್ದವರು. ಜೋರು ಬಾಯಿ, ಕೇಳದೆ ಅಡುಗೆಮನೆಗೆ ನುಗ್ಗುವ ಅಭ್ಯಾಸ. ಬಿ.ಪಿ. ನೋಡುವಾಗಲೂ ಯಾರದೋ ಮದುವೆಯ ಸುದ್ದಿ. ತಂಬಾಕಿನ ಬಗ್ಗೆ ಮಾತೇ ಇಲ್ಲ! ಒಂದು ದಿನ ನಾನು ಜಗಳಕ್ಕೇ ನಿಂತೆ.

"ಹೇಳೋದು ನಿಮ್ಮ ಕೆಲಸ ಅಲ್ವಾ?"

"ನೀನು ಹೇಳ್ತಾನೇ ಇದ್ದೀಯಲ್ಲ ಮಾರಾಯ್ತಿ, ಬಿಟ್ಟಳಾ?"

"ಇದು ಉತ್ತರ ಅಲ್ಲ."

"ಸರಿ, ನೀನೇ ಗೆದ್ದೆ. ಈಗ ಆ ಒಣಕೊಬ್ಬರಿ ತೆಳ್ಳಗೆ ಹೆಚ್ಚಿಕೊಡು."

ಮಧ್ಯಾಹ್ನ ಅಕ್ಕನ ಅತ್ತೆ ಹಿತ್ತಿಲ ಕಟ್ಟೆಯ ಮೇಲೆ ಎಲೆತಟ್ಟೆ ಇಟ್ಟುಕೊಂಡು ಕೂರುತ್ತಿದ್ದರು, ಸುತ್ತ ಸೊಸೆಯರು. ದಿನವಿಡೀ ಸಿಡುಕುವ ಅತ್ತೆ ಆ ಹೊತ್ತಿನಲ್ಲಿ ಮಾತ್ರ ತಾವೇ ಎಲೆ ಮಡಿಸಿ ಅಕ್ಕನಿಗೆ "ತಗೋ ಮಗಾ" ಎನ್ನುತ್ತಿದ್ದರು. ಅಂದು ನರ್ಸಮ್ಮ ಆ ಗುಂಪಿನ ನಡುವೆ ಹೋಗಿ ಕೂತರು. ಬರೀ ಕೊಬ್ಬರಿ, ಲವಂಗ ಇಟ್ಟು ಎಲೆ ಮಡಿಸಿ ಅತ್ತೆಯ ಕೈಗೇ ಕೊಟ್ಟರು.

"ಹೆರಿಗೆ ಆಗೋವರೆಗೂ ಇವಳಿಗೆ ನಿಮ್ಮ ಕೈಯಿಂದ ಇದನ್ನೇ ಕೊಡಿ. ನೀವು ಕೊಟ್ಟಿದ್ದನ್ನ ಅವಳು ಬೇಡ ಅನ್ನಲ್ಲ. ಸೊಪ್ಪು, ಅಡಿಕೆ ಎರಡೂ ಮಗೂಗೆ ಆಗಲ್ಲ."

"ನಾನು ಅಗೀತಾನೇ ನಾಲ್ಕು ಹೆತ್ತಿಲ್ವಾ?"

"ಐದು ಹೆತ್ತೆ, ಒಂದು ಉಳೀಲಿಲ್ಲ ಅಂತ ನನ್ನ ಹತ್ರ ಅತ್ತಿದ್ರಲ್ಲ." ಆ ಜೋರು ಬಾಯಿ ಅಷ್ಟು ಮೆತ್ತಗಾಗಿದ್ದನ್ನು ನಾನು ಮತ್ತೆ ಕೇಳಲಿಲ್ಲ.

ಅತ್ತೆ ತಟ್ಟೆಯಲ್ಲಿದ್ದ ಹೊಗೆಸೊಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೈಯಲ್ಲಿದ್ದ ಎಲೆಯನ್ನು ಅಕ್ಕನಿಗೆ ಕೊಟ್ಟರು. "ತಗೋ ಮಗಾ."

ನನಗೆ ಖುಷಿಯಾಗಬೇಕಿತ್ತು, ಹೊಟ್ಟೆ ಉರಿಯಿತು. ಆ "ಮಗಾ" ಕೇಳುವುದಕ್ಕಾಗಿಯೇ ಅಗಿಯುತ್ತೇನೆಂದು ಅಕ್ಕ ನರ್ಸಮ್ಮನಿಗೆ ಹೇಳಿದ್ದಳಂತೆ. ಒಡಹುಟ್ಟಿದ ನನಗೇಕೆ ಹೇಳಲಿಲ್ಲ ಎಂದು ಕೇಳಿಯೇಬಿಟ್ಟೆ.

"ನಿಂಗೆ ಹೇಳಿದ್ರೆ ಅದಕ್ಕೂ ಒಂದು ಉತ್ತರ ಕೊಡ್ತಿದ್ದೆ ಕಣೇ," ಎಂದಳು ಅಕ್ಕ.

ಹೆಣ್ಣುಮಗು ಹುಟ್ಟಿತು. ಸಣ್ಣದು, ಆದರೆ ಗಟ್ಟಿ; ಅಳು ಬೀದಿಗೇ ಕೇಳುತ್ತಿತ್ತು. ನರ್ಸಮ್ಮ ಹೋದ ವರ್ಷ ತೀರಿಕೊಂಡರು. ಅಮ್ಮ ಹೋದಾಗಲೂ ಅಕ್ಕ ಹಾಗೆ ಅತ್ತಿರಲಿಲ್ಲ. ಸತ್ತವರ ಮೇಲೂ ಹೊಟ್ಟೆಕಿಚ್ಚುಪಡಬಹುದೆಂದು ಅವತ್ತು ತಿಳಿಯಿತು.

ಈಗಲೂ ಭಾನುವಾರ ಹೋಗುತ್ತೇನೆ. ಮಗು ಅಜ್ಜಿಯ ತಟ್ಟೆಯಿಂದ ಕೊಬ್ಬರಿ ಚೂರು ಎತ್ತಿಕೊಂಡು ಬಂದು, ನಾನು ಅಕ್ಕನೊಡನೆ ಏನೋ ವಾದಿಸುತ್ತಿದ್ದಂತೆಯೇ, "ಚಿಕ್ಕಮ್ಮಾ, ಆ ಮಾಡು" ಎಂದು ಬಾಯಿಗೆ ತುರುಕುತ್ತದೆ. ಅದರ ಬೆರಳಿಗೂ ಲವಂಗದ ವಾಸನೆ. ಸುಮ್ಮನೆ ಅಗಿಯುತ್ತೇನೆ.