ಸುಧಾಮಣಿ ಮೊಳೆಗೆ ತಗುಲಿಸಿದ ಅಂಕಪಟ್ಟಿ

ಸುಧಾಮಣಿಯ ವಿಚಾರ ನನ್ನ ಕಿವಿಗೆ ಮೊದಲು ಹಾಕಿದ್ದು ಸೊಪ್ಪು ಮಾರುವ ಮಂಚಮ್ಮ. ತೊಂಬತ್ತೈದನೇ ಇಸವಿ. ನಮ್ಮವರು ತೀರಿಕೊಂಡ ಮೇಲೆ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿದ್ದ ಅವರ ಸೈಕಲ್ ಅಂಗಡಿಗೆ ಬೀಗ ಹಾಕಿದ್ದೆ.

"ಅಕ್ಕಾ, ಸಂತೆಮರಳ್ಳಿ ಹೆಣ್ಮಗ್ಳೊಬ್ಳು ನಿನ್ ಅಂಗ್ಡಿ ಬಾಡ್ಗೆಗೆ ಕೇಳ್ತಾವ್ಳೆ. ಕಂಪ್ಯೂಟ್ರು ಕಲಿಸ್ತಾಳಂತೆ. ಕೊಟ್ಬುಡು ಕಣಕ್ಕ, ಇಲಿಗಳಾರ ಓಯ್ತವೆ" ಎಂದಳು.

ಕೊಟ್ಟೆ. ಗ್ರೀಸು ಕಟ್ಟಿದ್ದ ನೆಲವನ್ನು ಸುಧಾಮಣಿ ಸೀಮೆಎಣ್ಣೆ ಹಾಕಿ ತಾನೇ ಉಜ್ಜಿದಳು. ಮೈಸೂರಿನ ಒಂದು ಆಫೀಸಿನಲ್ಲಿ ದುಡಿಯುತ್ತಲೇ ಪ್ರೋಗ್ರಾಂ ಬರೆಯಲು ಕಲಿತವಳು ಅವಳು.

ಒಂದು ದಿನ ಅರಿಶಿನದ ವ್ಯಾಪಾರಿ ಚಿಕ್ಕಮಲ್ಲಪ್ಪ ಮಗಳು ಭವ್ಯಳನ್ನು ಸೇರಿಸಲು ಬಂದ. ಬರಿಗೋಡೆ ನೋಡಿ, "ಡಾಕ್ಟ್ರು, ಲಾಯರ್ರು ಎಲ್ಲಾ ಸರ್ಟಿಫಿಕೇಟ್ ನೇತಾಕ್ಕಂಡವ್ರೆ. ನಿಂದೆಲ್ಲವ್ವಾ?" ಎಂದ.

"ಇಲ್ಲ ಕಣಣ್ಣ. ಸರ್ಕಾರದ್ದೇ ಒಂದ್ ಕಂಪ್ಯೂಟ್ರು ಪರೀಕ್ಷೆ ಅದೆ. ನಿನ್ ಮಗಳ ಜೊತೇಲೇ ಕೂತ್ಕಂಡ್ ಬರೀತೀನಿ" ಎಂದುಬಿಟ್ಟಳು.

ಭವ್ಯಳ ಪಾಠವೆಲ್ಲ ಮುಗಿದ ಮೇಲೆ ಇಬ್ಬರೂ ಮೈಸೂರಿಗೆ ಹೋಗಿ ಬರೆದರು. ಭವ್ಯ ಪಾಸು. ಸುಧಾಮಣಿ ಒಂದು ಪೇಪರಿನಲ್ಲಿ ಫೇಲು. ಕಂಪ್ಯೂಟರ್ ಮುಂದೆ ಕೂತರೆ ಅವಳ ಬೆರಳು ತಾನಾಗಿ ಓಡುತ್ತಿತ್ತು. ಯಾಕೆ ಹಾಗೆ ಎಂದು ವಿವರಿಸಿ ಬರೆ ಎಂದರೆ ತಿಳಿಯದು. ಬಸ್ ಸ್ಟ್ಯಾಂಡಿನಲ್ಲೆಲ್ಲ ನಗೆಯೋ ನಗೆ. "ಟೀಚರಮ್ಮ ಇನ್ಮೇಲೆ ಭವ್ಯನ್ ತಾವ ಟ್ಯೂಷನ್‌ಗೆ ಓಯ್ತದೆ ಕಣ್ಲಾ!" ಕೆಲವರು ಮಕ್ಕಳನ್ನು ಬಿಡಿಸಿಕೊಂಡರು. ಕ್ಲಾಸು ಇನ್ನು ಮುಚ್ಚಿತು ಅಂದುಕೊಂಡೆ.

ಅವಳು ಏನು ಮಾಡಿದಳು ಗೊತ್ತೇ? ಫೇಲಾದ ಅಂಕಪಟ್ಟಿಗೆ ಕಟ್ಟು ಹಾಕಿಸಿ, ನಮ್ಮವರು ಟೈರು ನೇತುಹಾಕುತ್ತಿದ್ದ ಮೊಳೆಗೆ ತಗುಲಿಸಿದಳು.

"ಮಾನ ಓಯ್ತದೆ, ತೆಗಿ ಕಣಮ್ಮಿ" ಎಂದೆ.

"ಇರ್ಲಿ ಬುಡು ದೊಡ್ಡವ್ವ. ಇರೋದ್ನೇ ನೋಡ್ಲಿ. ಪಾಸಾದ್ ದಿನ ಪಕ್ಕಕ್ಕೆ ಇನ್ನೊಂದ್ ಮೊಳೆ ಒಡಿತೀನಿ."

ಆಮೇಲೆ ನಿಜಕ್ಕೂ ಭವ್ಯಳನ್ನೇ ಎದುರಿಗೆ ಕೂರಿಸಿಕೊಂಡು ಆ ಫೇಲಾದ ಪೇಪರಿನ ಪಾಠ ಹೇಳಿಸಿಕೊಂಡಳು. ಮುಂದಿನ ಸಲ ಪಾಸಾಗಿ, ಮೊಳೆಯನ್ನೂ ಹೊಡೆದಳು. ಅಲ್ಲಿಂದ ಅವಳು ಕಲಿಸುವ ರೀತಿಯೇ ಬೇರೆಯಾಯಿತು. ಯಾವುದಕ್ಕೂ ಯಾಕೆ ಎಂದು ಬಿಡಿಸಿ ಹೇಳುವಳು. ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತ ನನಗೂ ಒಂದಿಷ್ಟು ಅರ್ಥವಾಗುತ್ತಿತ್ತು. ಬಿಡಿಸಿಕೊಂಡು ಹೋದವರೇ ಮಕ್ಕಳನ್ನು ವಾಪಸು ಕರೆತಂದರು.

ಚಾಮರಾಜನಗರ ಜಿಲ್ಲೆಯಾದ ಮರುವರ್ಷ ಅಲ್ಲಿನ ಒಂದು ಸಂಸ್ಥೆ ಪ್ರೋಗ್ರಾಂ ಬರೆಯುವವರನ್ನು ಕರೆಯಿತು. ಮೊದಲು ಕೇಳಿದ್ದೇ ಸರ್ಟಿಫಿಕೇಟು. ಕೆಲಸ ನಮ್ಮ ಸುಧಾಮಣಿಗೇ ಆಯಿತು. ಬೀದಿಗೆಲ್ಲ ನಾನೇ ಸಾರಿಕೊಂಡು ಬಂದೆ. ಚಿಕ್ಕಮಲ್ಲಪ್ಪನ ಅಂಗಡಿ ಮುಂದೆ ಇನ್ನಷ್ಟು ಜೋರಾಗಿ.

ಕ್ಲಾಸನ್ನು ಭವ್ಯಳಿಗೆ ಒಪ್ಪಿಸಿ ಹೊರಟಳು. ಪಾಸಾದ ಸರ್ಟಿಫಿಕೇಟನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಳು. ಬಸ್ಸು ಹತ್ತುವಾಗ ನನ್ನ ಕೈ ಹಿಡಿದು ಕೇಳಿದಳು:

"ದೊಡ್ಡವ್ವಾ, ಸುಣ್ಣ ಬಳಿಸ್ವಾಗ ಆ ಫೇಲಾಗಿರೋದ್ನ ಇಳಿಸ್ಬುಟ್ಟು, ಆಮೇಲೆ ಅದೇ ಮೊಳೆಗೇ ಹಾಕ್ಬುಡು. ಆಯ್ತಾ?"