ನಾನು ನಾದಿನಿಯ ಕಫೀಲ್ ಆದದ್ದು

ಟಣ್. ಗ್ಲಾಸಿನ ಟೇಬಲ್ ಮೇಲೆ ಸ್ಟೀಲ್ ಲೋಟ ಬೀಳುವ ಸದ್ದು. ಗಲ್ಫಿನಲ್ಲಿ ನಾವಿದ್ದ ರುಸೈಲ್‌ನ ಆ ಫ್ಲ್ಯಾಟನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಅದೇ. ಚಹಾ ಮುಗಿಯಿತು, ಬಂದು ಎತ್ತಿಕೊಂಡು ಹೋಗು ಎಂದು ನನ್ನ ನಾದಿನಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಲೋಟ ಕುಟ್ಟುತ್ತಿದ್ದಳು. ಇಡೀ ದಿನ ಫ್ಯಾಕ್ಟರಿಯ ಆಫೀಸಿನಲ್ಲಿ ಟೈಪ್ ಮಾಡಿ ಬಂದ ನಾನು, ಅರವತ್ತು ದಾಟಿದವಳು, ಹೋಗಿ ಎತ್ತುತ್ತಿದ್ದೆ.

ಅವಳು ನನ್ನ ಗಂಡನ ಒಬ್ಬಳೇ ತಂಗಿ. ಉಡುಪಿಯ ಕಡೆಯ ಶಾಲೆಯೊಂದರಲ್ಲಿ ಕನ್ನಡ ಟೀಚರ್ ಆಗಿದ್ದಳು. ಗಂಡ ತೀರಿಕೊಂಡ, ಮಕ್ಕಳಿಲ್ಲ. ಮಕ್ಕಳು ಸೇರದೆ ಶಾಲೆಯೂ ಮುಚ್ಚಿತು. ಗಂಡನ ಮನೆಯವರು ಅವಳಿಗೆ ಒಂದು ಕೋಣೆ ಬಿಟ್ಟುಕೊಟ್ಟು, ಅದರ ಜೊತೆಗೆ ದಿನಕ್ಕಿಷ್ಟು ಕೊಂಕು ಮಾತನ್ನೂ ಕೊಡುತ್ತಿದ್ದರು. ಬೈಪಾಸ್ ಆದ ಮೇಲೆ ನನ್ನ ಗಂಡ ಕೆಲಸ ಬಿಟ್ಟು ನನ್ನ ವೀಸಾದಲ್ಲೇ ಮನೆಯಲ್ಲಿದ್ದರು. ‘ಅವಳನ್ನು ಇಲ್ಲಿಗೇ ಕರೆಸುವಾ, ನನಗೂ ಕಂಪನಿ ಆಗ್ತದೆ’ ಎಂದರು.

ಕರೆಸುವುದು ಹೇಗೆ? ಫ್ಯಾಮಿಲಿ ವೀಸಾದ ಫಾರ್ಮಿನಲ್ಲಿ ಗಂಡನಿಗೆ ಜಾಗವಿದೆ, ಮಕ್ಕಳಿಗೆ ಇದೆ. ಗಂಡನ ತಂಗಿಗೆ ಇಲ್ಲ. ಫಾರ್ಮ್ ತುಂಬಿಸಿಕೊಡುವ ಅಂಗಡಿಯವನು ದನಿ ತಗ್ಗಿಸಿ, ‘ಹೌಸ್‌ಮೇಡ್ ವೀಸಾ ತೆಗೀರಿ ಮೇಡಂ, ಎಷ್ಟೋ ಮಂದಿ ಹಾಗೇ ಮಾಡ್ತಾರೆ’ ಎಂದ. ಆಫೀಸಿನಿಂದ ಒಂದು ಲೆಟರ್ ಬೇಕಿತ್ತು. ಮನೆಗೆಲಸಕ್ಕೆ ಒಬ್ಬಳನ್ನು ಇಟ್ಟುಕೊಳ್ಳಲು ಅನುಕೂಲವಾಗುವಂತೆ ಎಂದು ನಾನೇ ಡ್ರಾಫ್ಟ್ ಮಾಡಿದೆ. ಎಂಥ ಚಂದದ ಇಂಗ್ಲಿಷ್! ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು. ಮ್ಯಾನೇಜರ್ ನಂಬಿ ಸೈನ್ ಮಾಡಿದರು. ಹೀಗೆ ನಾನು ನನ್ನ ನಾದಿನಿಯ ಕಫೀಲ್ ಆದೆ, ಅಂದರೆ ಅವಳು ಈ ದೇಶದಲ್ಲಿರುವುದಕ್ಕೆ ಹೊಣೆಗಾರಳು.

ಅವಳಿಂದ ಏನನ್ನೂ ಮುಚ್ಚಿಡಲಿಲ್ಲ. ಫೋನಿನಲ್ಲಿ ಎಲ್ಲ ಹೇಳಿದ್ದೆ. ‘ಪೇಪರಿನಲ್ಲಿ ಎಂತ ಬೇಕಾದ್ರೂ ಬರೀರಿ ಅತ್ತಿಗೆ, ಇಲ್ಲಿಂದ ಬಿಡುಗಡೆ ಆದ್ರೆ ಸಾಕು’ ಎಂದಿದ್ದಳು. ಆದರೆ ಮನೆಗೆಲಸದವಳು ಎಂದು ಬರೆದ ರೆಸಿಡೆಂಟ್ ಕಾರ್ಡ್ ಕೈಗೆ ಬಂದ ದಿನವೇ ಅವಳು ಬದಲಾದಳು. ಬೀನ್ಸ್ ಹೆಚ್ಚಿಕೊಡಲು ಕೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.

‘ಹೆಚ್ಚಲಿಕ್ಕೆ ಬರುದಿಲ್ಲ ಅಂತಲ್ಲ ಅತ್ತಿಗೆ. ಈ ಮನೆಯಲ್ಲಿ ನಾನೊಂದು ಚಮಚ ತೊಳೆದ್ರೂ ಆ ಕಾರ್ಡು ನಿಜ ಆಗ್ತದೆ. ಅದಕ್ಕೆ ನಾನು ಬಿಡುದಿಲ್ಲ.’

‘ಅವಳು ಹೇಳುದ್ರಲ್ಲಿ ಪಾಯಿಂಟ್ ಉಂಟು’ ಎಂದರು ನನ್ನವರು.

‘ಹಾಗಾದ್ರೆ ಆ ಪಾಯಿಂಟನ್ನೇ ಪಲ್ಯ ಮಾಡಿ ತಿನ್ನಿ.’

ನಮ್ಮೊಳಗೆ ತುಳು. ಜಗಳಕ್ಕೆ ಮಾತ್ರ ಅವಳು ಕನ್ನಡಕ್ಕೆ ಇಳಿಯುತ್ತಿದ್ದಳು, ಟೀಚರ್ ಅಲ್ಲವೇ. ಒಮ್ಮೆ ರೋಸಿಹೋಗಿ, ‘ನಾನು ನಿನ್ನ ಕಫೀಲ್, ನೆನಪುಂಟಲ್ಲ?’ ಎಂದೆ. ‘ಉಂಟು ಕಫೀಲರೇ. ಸಾರಿಗೆ ಉಪ್ಪು ಸಾಲದು’ ಎಂದಳು. ನನ್ನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಪರೇಷನ್ ಆದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಬೆಳಿಗ್ಗೆ ಅವಳು ಪೇಪರ್ ಓದಿ ಹೇಳುವಾಗಲೂ ಅಣ್ಣ ತಂಗಿ ನಗುತ್ತಿದ್ದರು. ಬಾಗಿಲು ಹಾಕಿಕೊಂಡು ಆಫೀಸಿಗೆ ಹೊರಡುವ ನನಗೆ ಆ ನಗು ಮೆಟ್ಟಿಲವರೆಗೂ ಕೇಳಿಸುತ್ತಿತ್ತು. ಐ ಕುಡ್ ನಾಟ್ ಬೇರ್ ಇಟ್. ಅವಳ ಮೇಲಿನ ನನ್ನ ಸಿಟ್ಟಿಗೆ ಬೀನ್ಸ್‌ಗಿಂತ ನಿಜವಾದ ಕಾರಣ ಅದೇ ಎಂದು ಈಗ ಬರೆಯಬಲ್ಲೆ.

ಎರಡನೇ ವರ್ಷ ಕಾರ್ಡಿನ ರಿನ್ಯೂವಲ್ ಬಂತು. ನನ್ನ ಸಹಿ ಬಿದ್ದರೆ ಅವಳು ಇಲ್ಲಿ, ಬೀಳದಿದ್ದರೆ ಮತ್ತೆ ಆ ಕೋಣೆಗೆ. ಸಹಿಗೆಂದು ತಂದ ಫಾರ್ಮನ್ನು ಮೂರು ವಾರ ಹ್ಯಾಂಡ್‌ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದೆ. ಅವಳಿಗೆ ಗೊತ್ತಿತ್ತು. ಒಮ್ಮೆಯೂ ಕೇಳಲಿಲ್ಲ. ಕೇಳಲಿ ಎಂದೇ ನಾನು ಕಾದಿದ್ದೆ.

ಆ ಶುಕ್ರವಾರ ಮ್ಯಾನೇಜರ್ ಹೆಂಡತಿ ಹೇಳದೆ ಕೇಳದೆ ಬಂದರು. ದೆಹಲಿಯವರು, ನನ್ನವರ ಆರೋಗ್ಯ ವಿಚಾರಿಸಲು. ನಾದಿನಿ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ‘ಓಹ್, ಈಸ್ ದಿಸ್ ದ ಮೇಡ್? ಲಕ್ಕಿ ಯೂ!’ ಎಂದರು ಆಕೆ. ಗಂಡ ಸೈನ್ ಮಾಡಿದ ಲೆಟರಿನ ವಿಷಯ ಆಕೆಗೆ ಗೊತ್ತು. ಇವಳು ನನ್ನ ಗಂಡನ ತಂಗಿ ಎಂದರೆ ನಾನು ಆಫೀಸಿಗೆ ಸುಳ್ಳು ಹೇಳಿದ್ದು ಬಯಲಾಗುತ್ತಿತ್ತು. ಹೆದರಿದೆ, ನಿಜ. ಆದರೆ ‘ಯೆಸ್’ ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು.

‘ಯೆಸ್. ಕ್ವೈಟ್ ಗುಡ್, ಬಟ್ ಎ ಲಿಟಲ್ ಲೇಜಿ’ ಎಂದೆ.

ಅಷ್ಟು ಇಂಗ್ಲಿಷ್ ಯಾವ ಕನ್ನಡ ಟೀಚರಿಗೂ ಅರ್ಥವಾಗುತ್ತದೆ. ಚಹಾ ಕುಡಿದು ಮುಗಿಸಿದ ಆಕೆ, ‘ಲೇ ಜಾವ್’ ಎಂದು ಕಪ್ಪನ್ನು ಅವಳತ್ತ ಚಾಚಿದರು. ನನ್ನವರು ಕಾರ್ಪೆಟ್ ನೋಡುತ್ತ ಕೂತರು. ನಾದಿನಿ ಎದ್ದಳು. ಕಪ್ ತೆಗೆದುಕೊಂಡಳು, ನಮ್ಮಿಬ್ಬರದ್ದನ್ನೂ ಎತ್ತಿದಳು. ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಹರಿಯಿತು.

ಅತಿಥಿ ಹೋದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ‘ಫಾರ್ಮ್ ಬ್ಯಾಗಲ್ಲೇ ಇರ್ಲಿ ಅತ್ತಿಗೆ. ಕ್ಯಾನ್ಸಲ್ ಮಾಡ್ಸಿ.’

‘ನಿಲ್ಲು ಮಾರಾಯ್ತಿ, ಅಲ್ಲಿ ಹೋಗಿ ಎಂತ ಮಾಡ್ತಿ?’ ಎಂದರು ಇವರು.

‘ಅಲ್ಲಿ ಬೈತಾರೆ ಅಣ್ಣ. ಕಪ್ ಕೊಡುದಿಲ್ಲ. ಖಲಾಸ್.’

‘ಸಾರಿ’ ಎಂದೆ ನಾನು.

‘ಅದನ್ನು ಕನ್ನಡದಲ್ಲಿ ಹೇಳ್ಲಿಕ್ಕೆ ಬರುದಿಲ್ವಾ ನಿಮಗೆ?’

ಬರಲಿಲ್ಲ. ಒಳಗೆ ಎಷ್ಟು ಹುಡುಕಿದರೂ ಬಾಯಿಗೆ ಬರಲಿಲ್ಲ.

ಏರ್‌ಪೋರ್ಟಿಗೆ ಕಫೀಲ್ ಎಂದು ನಾನೇ ಜೊತೆಗೆ ಹೋಗಬೇಕಾಯಿತು. ಇವರೂ ಬಂದರು. ವೀಸಾ ಕೌಂಟರಿನ ಯುವಕ ಕಾಗದ ನೋಡಿ, ಅವಳನ್ನು ನೋಡಿ, ಹಿಂದಿಯಲ್ಲಿ ಮೆಲ್ಲಗೆ ಕೇಳಿದ: ಈ ಮೇಡಂ ಮೇಲೆ ನಿಮ್ಮದೇನಾದರೂ ದೂರು ಇದೆಯೇ? ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು, ನನ್ನ ಸುಳ್ಳು ಬಯಲಾಗಿ ಕೆಲಸ, ಗಂಡನ ವೀಸಾ ಎಲ್ಲವೂ ಹೋಗುತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು.

‘ನಹೀ. ಮೇಡಂ ಬಹುತ್ ಅಚ್ಛೀ ಹೈ’ ಎಂದಳು.

ನನ್ನನ್ನು ಅವಳು ಮೇಡಂ ಎಂದದ್ದು ಅದೊಂದೇ ಸಲ. ನಾನು ಹಿಂದೆ ಬಂದು, ಕುರ್ಚಿಯಲ್ಲಿ ಕೂತಿದ್ದ ಇವರ ಪಕ್ಕದಲ್ಲಿ ನಿಂತೆ. ಅವಳು ಗೇಟು ದಾಟುವ ಮೊದಲು ತಿರುಗಿ ಅಣ್ಣನಿಗೆ, ಮಾತ್ರೆ ತಪ್ಪಿಸಬೇಡ ಎಂಬಂತೆ ಬೆರಳು ಆಡಿಸಿದಳು. ನಾನು ಕೈ ಎತ್ತಿದೆ. ಅಷ್ಟರಲ್ಲಿ ಅವಳು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಒಳಗೆ ಹೋಗಿದ್ದಳು.